ಮಾತು ಬಿಟ್ಟವರ ನಡುವೆ ಒಂದು ಸ್ಟೂಲು

ಓದಿ ಹೇಳುವ ದಿನ ಬಂದೇಬಿಟ್ಟಿತಲ್ಲ ಎಂದು ಎದ್ದಾಗಿನಿಂದ ಅವಳು ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದ್ದಳು. ಎರಡು ವರ್ಷ ಒಂದು ದರ್ಜಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ನೋಡಿದ್ದು, ಕೇಳಿದ್ದು, ಗೀಚಿಕೊಂಡದ್ದು ಎಲ್ಲ ಸೇರಿ ಒಂದು ದಪ್ಪ ಅಧ್ಯಾಯವಾಗಿ ಈಗ ಚೀಲದಲ್ಲಿತ್ತು. ಅದನ್ನು ಆ ಅಂಗಡಿಯ ಅಕ್ಕ-ತಂಗಿಯರಿಗೇ ಓದಿ ಹೇಳಬೇಕು. ‘ಹೌದು, ನಾವು ಹೀಗೇ, ಬರ್ಕೊಳ್ಳಿ’ ಎಂದು ಅವರ ಬಾಯಿಂದ ಬರಬೇಕು. ಬಂದರೆ ಈ ವಯಸ್ಸಿನಲ್ಲಿ ಹಠಕ್ಕೆ ಬಿದ್ದು ಹಿಡಿದ ಪಿಎಚ್.ಡಿ. ಹೇಗೋ ದಡ ಸೇರಿದ ಹಾಗೆ. ಬಾರದಿದ್ದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಾಲೇಜಿನಲ್ಲಿ ಅವಳ ಕೈಕೆಳಗೆ ಓದಿದವರೇ ಡಾಕ್ಟರಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ‘ಮೇಡಂ, ನಿಮ್ಮದು ಎಲ್ಲಿಗೆ ಬಂತು?’ ಎಂದು ಅವರು ಕೇಳುವ ದನಿಯಲ್ಲಿ ಕಾಯಿಲೆಯವರನ್ನು ವಿಚಾರಿಸುವ ಮೆತ್ತನೆಯ ಕನಿಕರವಿರುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ಅವರು ಒಪ್ಪದೆ ಹೋದಾರು ಎಂಬ ಹೆದರಿಕೆಗಿಂತ ಒಪ್ಪಿಬಿಟ್ಟಾರು ಎಂಬ ಹೆದರಿಕೆಯೇ ಅವಳಿಗೆ ಹೆಚ್ಚು. ಒಪ್ಪಿದರೆ ಆ ಸ್ಟೂಲಿನಿಂದ ಏಳಬೇಕು. ನಾಳೆಯಿಂದ ಆ ಅಂಗಡಿಗೆ ಹೋಗುವುದಕ್ಕೆ ಅವಳಿಗೆ ಯಾವ ನೆಪವೂ ಇರುವುದಿಲ್ಲ.

“ಇವತ್ತು ಮತ್ತೆ ಆ ದರ್ಜಿ ಹೆಂಗಸರ ಹತ್ರಾನಾ?” ಅಂದಳು ಅಮ್ಮ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳ ಬೆನ್ನಿಗೆ.

“ಕೊನೇ ಸಲ ಅಮ್ಮ.”

“ಕೊನೇ ಸಲ, ಕೊನೇ ಸಲ ಅಂತ ಎಷ್ಟು ಸಲ ಆಯ್ತೋ. ಸುಮ್ಮನೆ ಹೊಲಿಗೆ ಕಲ್ತಿದ್ರೂ ಇಷ್ಟೊತ್ತಿಗೆ ನನಗೊಂದು ರವಿಕೆ ಹೊಲ್ಕೊಡ್ತಿದ್ದೆ.”

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವಳ ಜೊತೆಗೇ ಇದ್ದಳು. ಇಬ್ಬರೂ ದಿನಕ್ಕೆ ಬೇಕಾದಷ್ಟು ಮಾತಾಡುತ್ತಿದ್ದರು. ಗ್ಯಾಸು, ಮಾತ್ರೆ, ನಲ್ಲಿ, ಮೊಣಕಾಲು. ಅಮ್ಮನ ಜೊತೆ ಮಾತಾಡುವುದಕ್ಕೆ ಮಧ್ಯದಲ್ಲಿ ಯಾರೂ ಬೇಕಿರಲಿಲ್ಲ, ಅದೇ ಅವಳಿಗೆ ಒಮ್ಮೊಮ್ಮೆ ಬೇಜಾರು.

ಬೀದಿಗಿಳಿದವಳಿಗೆ ಗೈಡು ನೆನಪಾದರು. ಕುಡಿದು ಮಿಕ್ಕ ನೀರನ್ನು ಕಿಟಕಿಯ ಕುಂಡಕ್ಕೆ ಹನಿಹನಿಯಾಗಿ ಬಿಡುತ್ತ ಪಾಠ ಹೇಳುವ ಮನುಷ್ಯ. ಎದುರು ಕೂತವರಿಗೆ ಪಾಠ ತಮಗೋ ಗಿಡಕ್ಕೋ ಎಂದು ಅನುಮಾನವಾಗಬೇಕು. ಮೊದಲ ದಿನ ಅವಳು ನೂರು ಅಂಗಡಿಗಳಿಗೆ ಹಂಚಲು ಪ್ರಶ್ನೆಗಳ ಕಂತೆಯನ್ನೇ ತಯಾರು ಮಾಡಿ ಒಯ್ದಿದ್ದಳು. ಸಣ್ಣ ಅಂಗಡಿಗಳಲ್ಲಿ ಕೆಲಸದವರು ಒಬ್ಬರಿಗೊಬ್ಬರು ಹೇಗೆ ತಿಳಿಸುತ್ತಾರೆ, ಹೇಗೆ ತಿಳಿದುಕೊಳ್ಳುತ್ತಾರೆ ಅನ್ನುವುದು ಅವಳ ವಿಷಯ. “ನೂರು ಜನಕ್ಕೆ ಕಾಗದ ಹಂಚಿದ್ರೆ ನೂರು ಜನಾನೂ ನೀಟಾಗಿ ಸುಳ್ಳು ಬರ್ದು ಕೊಡ್ತಾರಮ್ಮ,” ಅಂದಿದ್ದರು ಗೈಡು. “ಒಂದೇ ಒಂದು ಅಂಗಡಿ ಹಿಡಿ. ಅನ್ನ ಬೆಂದಿದ್ಯಾ ಅಂತ ಒಂದು ಅಗುಳು ಹಿಚುಕಿ ನೋಡ್ತಾರಲ್ಲ, ಅದಲ್ಲ ಇದು. ಪಾತ್ರೆ ಅನ್ನದ ಚಿಂತೆ ನಿನಗೆ ಬೇಡ. ಆ ಒಂದು ಅಗುಳು ಹೇಗೆ ಬೆಂತು ಅನ್ನೋದನ್ನ ಪೂರ್ತಿ ತಿಳ್ಕೊ.” ಆಮೇಲೆ ಒಂದೊಂದೇ ಹೇಳಿಕೊಟ್ಟಿದ್ದರು. ಮೊದಲು ಬೇಲಿ ಹಾಕಿಕೊ: ಯಾರು ಒಳಗೆ, ಯಾರು ಹೊರಗೆ, ಎಲ್ಲಿಂದ ಎಲ್ಲಿವರೆಗೆ. ಯಾಕೆ ಅಂತ ಕೇಳಬೇಡ, ಯಾಕೆ ಅಂದರೆ ಜನ ಕತೆ ಕಟ್ಟುತ್ತಾರೆ. ಹೇಗೆ ಅಂತ ಕೇಳು. ಕಣ್ಣಲ್ಲಿ ನೋಡಿದ್ದು, ಅವರ ಬಾಯಿಂದ ಕೇಳಿದ್ದು, ಕೈಗೆ ಸಿಕ್ಕ ವಸ್ತು, ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡ. ಎಲ್ಲ ಮುಗಿದ ಮೇಲೆ ಅವರದನ್ನು ಅವರಿಗೆ ಓದಿ ಹೇಳು, ಅವರು ಬೇಡ ಅಂದರೆ ಬೇಡ. ಅವಳು ತಲೆ ಅಲ್ಲಾಡಿಸಿ ಎಲ್ಲ ಬರೆದುಕೊಂಡಿದ್ದಳು. “ಅಂಥ ಅಗುಳು ಎಲ್ಲಿ ಸಿಗತ್ತೆ ಸರ್?” ಎಂದು ಕೇಳಿದ್ದಕ್ಕೆ ಅವರು ಕುಂಡದ ಒಣಗಿದ ಎಲೆ ಕಿತ್ತು, “ಅದೇ ಬಂದು ಹಲ್ಲಿಗೆ ಸಿಗತ್ತೆ ಬಿಡು,” ಅಂದಿದ್ದರು.

ಹಾಗೇ ಆಯಿತು. ಕೋಟಿನ ಒಳಪದರದ ಅಸ್ತರು ಹರಿದಿತ್ತು, ಹೊಲಿಸಲು ಹೋದಳು. ಬೀದಿಯ ಬೆಳಕು ಬೀಳುವಲ್ಲಿ ಮಿಷನ್ನಿಟ್ಟುಕೊಂಡು ತಂಗಿ ಹೊಲಿಯುತ್ತಿದ್ದಳು; ಹಿಂದೆ ಪರದೆಯಾಚೆ ಟ್ಯೂಬ್‌ಲೈಟಿನ ಕೆಳಗೆ ಉದ್ದ ಮೇಜಿನ ಮೇಲೆ ಅಕ್ಕ ಕತ್ತರಿಸುತ್ತಿದ್ದಳು. ಇಬ್ಬರಿಗೂ ತಲೆ ಬೆಳ್ಳಗಾಗಿತ್ತು. ಪರದೆ ಒಂದು ಗೇಣು ಸರಿಯಿತು, ಕತ್ತರಿಸಿದ ಬಟ್ಟೆ ಈಚೆ ಬಿತ್ತು, ತಂಗಿ ಅದರ ಮೇಲಿನ ಸೀಮೆಸುಣ್ಣದ ಗೀರುಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು, ಹೊಲಿಯಲು ಹತ್ತಿದಳು. ಮಾತಿಲ್ಲ, ಕತೆಯಿಲ್ಲ. “ಅಯ್ಯೋ ಅವರಾ? ಮಾತು ಬಿಟ್ಟು ಯಾವ ಕಾಲ ಆಯ್ತು!” ಅಂದ, ಪಕ್ಕದ ಇಸ್ತ್ರಿ ಅಂಗಡಿಯವನು. “ಅಕ್ಕ ಏರಿಗೆಳೆದ್ರೆ ತಂಗಿ ನೀರಿಗೆಳೀತಾಳೆ. ಆದ್ರೆ ನೋಡಿ, ಹೊಲಿಗೆ ಮಾತ್ರ ಒಂದು ದಿನ ತಡ ಆದದ್ದಿಲ್ಲ.” ಅವಳು ಹರಿದ ಕೋಟನ್ನು ತಬ್ಬಿಕೊಂಡು ಫುಟ್‌ಪಾತಿನ ಮೇಲೆ ನಿಂತೇ ಇದ್ದಳು. ಇದೇನು, ಇಷ್ಟು ಖುಷಿ ಯಾಕಾಗುತ್ತಿದೆ ನನಗೆ, ಇನ್ನೊಬ್ಬರ ಮನೆಯ ಜಗಳಕ್ಕೆ? ಎಷ್ಟೋ ವರ್ಷದ ಮೇಲೆ ತವರಿನ ಬಾಗಿಲು ತೆರೆದು ಆ ಮನೆಯದೇ ವಾಸನೆ ಮೂಗಿಗೆ ಬಡಿದ ಹಾಗಿತ್ತು.

ಆ ಮನೆಯಲ್ಲಿ ಅಪ್ಪ ಮೇಲೆ, ಅಮ್ಮ ಕೆಳಗೆ. ನಡುವೆ ಮರದ ಮೆಟ್ಟಿಲು, ಮೆಟ್ಟಿಲ ಮೇಲೆ ಅವಳು. ಬಂದ ನೆಂಟರ ಎದುರು ಅಪ್ಪ ‘ನಿನಗೇನು ಗೊತ್ತಾಗತ್ತೆ, ಸುಮ್ಮನಿರು’ ಅಂದರಂತೆ, ಅಮ್ಮ ಸುಮ್ಮನಾದಳು. ಒಂದು ವಾರವಲ್ಲ, ತಿಂಗಳಲ್ಲ, ಮಗಳು ಫ್ರಾಕು ಬಿಟ್ಟು ದೊಡ್ಡವಳಾಗುವ ತನಕ ಸುಮ್ಮನಿದ್ದಳು. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರು ಎಷ್ಟೋ ಸಾವಿರ ಸಲ ಉಂಡು ಮಲಗಿ ಎದ್ದರು. ಅದೇ ಜಗಳದಲ್ಲಿ ಕೂಸು ಬಡವಾಗುತ್ತದೆ ಎಂದೂ ಅನ್ನುತ್ತಾರೆ. ಈ ಕೂಸು ಮಾತ್ರ ಬಡವಾಗಲಿಲ್ಲ, ಮೈಕೈ ತುಂಬಿಕೊಂಡು ಬೆಳೆಯಿತು. ‘ನಿಮ್ಮಮ್ಮನಿಗೆ ಹೇಳು’ ಎಂದು ಮೇಲಿನಿಂದ. ‘ಹೋಗಿ ಹೇಳು ನಿಮ್ಮಪ್ಪನಿಗೆ’ ಎಂದು ಕೆಳಗಿನಿಂದ. ಅವಳಿಲ್ಲದೆ ಆ ಮನೆಯಲ್ಲಿ ಒಂದು ಲೋಟ ನೀರು ಕೆಳಗಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಸಿಕ್ಕಿದ ಮಾತನ್ನು ಸಿಕ್ಕ ಹಾಗೇ ಒಯ್ಯುವಷ್ಟು ದಡ್ಡಿಯಲ್ಲ ಅವಳು. ಮೆಟ್ಟಿಲಿಳಿಯುತ್ತ ಇಳಿಯುತ್ತ ಅದನ್ನು ತೊಳೆದು, ಒರೆಸಿ, ಮಡಚಿ, ಅಮ್ಮನ ಮುಂದೆ ಹಿಡಿಯುವ ಹೊತ್ತಿಗೆ ಇಸ್ತ್ರಿ ಮಾಡಿರುತ್ತಿದ್ದಳು. ‘ಅಡುಗೆ ಚೆನ್ನಾಗಿತ್ತಂತಮ್ಮ, ಉಪ್ಪು ಮಾತ್ರ ಒಂದು ಚೂರು ಕಡಿಮೆ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತಂತೆ.’ ಅಮ್ಮ ಮುಖ ಗಂಟಿಕ್ಕಿಕೊಂಡೇ ಒಂದು ಕ್ಷಣ ಸೌಟು ನಿಲ್ಲಿಸುತ್ತಿದ್ದಳಲ್ಲ, ಆ ಒಂದು ಕ್ಷಣಕ್ಕಾಗಿ ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದಳು. ಆಮೇಲೆ ಹಾಸ್ಟೆಲಿಗೆ ಹೋದಳು. ಮೊದಲ ರಜಕ್ಕೆ ಬಂದರೆ ಅಡುಗೆಮನೆಯಲ್ಲಿ ಗಂಡಸಿನ ನಗು. ಅಪ್ಪ ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಅಮ್ಮ ಏನೋ ಹೇಳುತ್ತಿದ್ದಳು, ಸೀದಾ, ಮುಖಕ್ಕೆ ಮುಖ ಕೊಟ್ಟು. ‘ಬಂದ್ಯಾ? ಕೈಕಾಲು ತೊಳ್ಕೊ’ ಎಂದು ಅಪ್ಪ ಮತ್ತೆ ಆ ಕಡೆ ತಿರುಗಿದರು. ಚೀಲ ಹಿಡಿದುಕೊಂಡು ಅವಳು ಎಷ್ಟು ಹೊತ್ತು ನಿಂತಿದ್ದಳೋ. ಎಲ್ಲರೂ ಅವಳಿಗೆ ಸಂತೋಷವಾಯಿತು ಅಂದುಕೊಂಡರು, ಅವಳೂ ಹಾಗೇ ಅಂದುಕೊಳ್ಳಲು ನೋಡಿದಳು.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಚೀಲದ ಮೇಲೆ ಕೈಯಾಡಿಸಿದಳು. ಅಧ್ಯಾಯದ ಮೊದಲರ್ಧದ ಬಗ್ಗೆ ಅವಳಿಗೆ ಯಾವ ಅಳುಕೂ ಇಲ್ಲ. ಸೀಮೆಸುಣ್ಣದ ಗೀರುಗಳ ಅರ್ಥವನ್ನೆಲ್ಲ ಅವಳು ಬಿಡಿಸಿದ್ದಳು. ಅಡ್ಡ ಗೀರಿದರೆ ಬಿಚ್ಚು, ಜೋಡಿ ಗೀರಿದರೆ ಗಟ್ಟಿ ಹೊಲಿಗೆ, ಸುತ್ತು ಹಾಕಿದರೆ ‘ಹೋದ ಸಲ ಇಲ್ಲೇ ನೀನು ಕೆಡಿಸಿದ್ದು’. ತಂಗಿಯ ಉತ್ತರ ಕಚ್ಚಾ ಹೊಲಿಗೆಯ ದಾರದಲ್ಲಿರುತ್ತಿತ್ತು. ಬಿಳಿ ದಾರವಾದರೆ ಸರಿ. ಕೆಂಪು ದಾರವಾದರೆ ‘ನಿನ್ನ ಅಳತೆಯೇ ತಪ್ಪು, ನೀನೇ ನೋಡ್ಕೊ’. ಅಕ್ಕನನ್ನು ಅವಳ ಮನೆಯಲ್ಲಿ, ತಂಗಿಯನ್ನು ಪಾರ್ಕಿನ ಬೆಂಚಿನ ಮೇಲೆ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸಿದ್ದಳು. ಇಬ್ಬರೂ ತಮ್ಮ ಮಾತು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದರು, “ಅವಳೇನಂದ್ಲು?” ‘ಹೇಳೋ ಹಾಗಿಲ್ಲ, ನಿಯಮ’ ಎಂದು ಇವಳು ತುಟಿ ಹೊಲಿದುಕೊಂಡಿದ್ದಳು. ಅಷ್ಟೂ ಸರಿಯೇ. ಒಂದು ಮಧ್ಯಾಹ್ನ ಕೆಟ್ಟಿತು. ಸೀಮೆಸುಣ್ಣ ಮುಗಿದಿತ್ತೋ, ಅಕ್ಕನಿಗೆ ಬೇಸರ ಬಂದಿತ್ತೋ, ಪರದೆಯ ಪಕ್ಕದ ಸ್ಟೂಲಿನಲ್ಲಿದ್ದ ಇವಳ ಕಡೆ ಬಗ್ಗಿ ಮಿಷನ್ನಿನ ಸದ್ದಿನಲ್ಲಿ ಸಣ್ಣಗೆ, “ಆಯಮ್ಮನಿಗೆ ಹೇಳಿ...” ಎಂದು ಏನೋ ಅಂದಳು. ಇವಳ ಕಾಲುಗಳು ತಾವಾಗಿ ಎದ್ದವು. ಪರದೆಯಾಚೆ ಹೋಗಿ, “ಅಕ್ಕ ಹೇಳ್ತಿದ್ದಾರೆ, ತೋಳು ದಯವಿಟ್ಟು ಒಂಚೂರು ಸಡಿಲ ಮಾಡಬೇಕಂತೆ,” ಅಂದಳು. ತಂಗಿ ಪೆಡಲಿನ ಮೇಲಿಂದ ಕಾಲು ತೆಗೆದಳು. ಮಿಷನ್ನು ನಿಂತಿತು. ಆ ಒಂದು ಕ್ಷಣ ಇವಳ ಮೈಯೆಲ್ಲ ಜುಮ್ಮೆಂದಿತು.

ಮತ್ತೆ ಯಾರು ನಿಲ್ಲಿಸುತ್ತಾರೆ? ಆಕಡೆಯಿಂದ ಈಕಡೆ, ಈಕಡೆಯಿಂದ ಆಕಡೆ. ಬಟ್ಟೆಗಳ ಮೇಲಿನ ಗೀರುಗಳು ಕಡಿಮೆಯಾಗುತ್ತ ಬಂದವು, ಕೆಂಪು ದಾರದ ಉಂಡೆಗೆ ಧೂಳು ಹಿಡಿಯಿತು. ಅವಳು ಆ ಬೀದಿಗೆ ಕಾಲಿಟ್ಟರೆ ಇಸ್ತ್ರಿಯವನು, “ಬೇಗ ಹೋಗಿ ಮೇಡಂ, ನಿಮಗೇ ಕಾಯ್ತಿದ್ದಾರೆ,” ಅನ್ನುತ್ತಿದ್ದ. ಯಾರು ಕಾದಿದ್ದಾರೆ ಈಚಿನ ವರ್ಷಗಳಲ್ಲಿ ಅವಳಿಗೆ? ಕಾಲೇಜಿನ ಗಂಟೆ ಕಾಯುತ್ತದೆ, ಅಷ್ಟೆ. ಬರೆಯಲು ಕೂತಾಗ ಈ ಭಾಗಕ್ಕೆ ಬಂದು ಪೆನ್ನು ತಡವರಿಸಿತು. ‘ಕಾಲಕ್ರಮೇಣ ಇಬ್ಬರ ನಡುವಿನ ಮೌನ ಸಡಿಲಗೊಂಡಿತು’ ಎಂದು ಬರೆದಳು. ಯಾರು ಸಡಿಲಿಸಿದರು, ಯಾರಿಗಾಗಿ ಸಡಿಲಿಸಿದರು ಅನ್ನುವುದನ್ನು ಆ ವಾಕ್ಯ ಬಾಯಿ ಬಿಡಲಿಲ್ಲ. ಗೈಡು ಅದನ್ನು ಓದಿ, ‘ಹೂಂ, ಅವರಿಗೆ ಓದಿ ಹೇಳಿ ಬಾ’ ಅಂದರೇ ಹೊರತು ಮತ್ತೇನೂ ಅನ್ನಲಿಲ್ಲ. ಬರೆಯುವ ನೆಪದಲ್ಲಿ ಒಂದು ತಿಂಗಳು ಅವಳು ಆ ಕಡೆ ಸುಳಿದಿರಲಿಲ್ಲ.

“ಬನ್ನಿ ಬನ್ನಿ,” ಅಂದ ಇಸ್ತ್ರಿಯವನು, ಬಸ್ಸಿಳಿದು ಬಂದವಳನ್ನು ಕಂಡು ಹಲ್ಲು ಕಿರಿದು. “ಕಿವಿಗೆ ಹತ್ತಿ ಇಟ್ಕೊಂಡು ಹೋಗಿ.”

ಅಷ್ಟರಲ್ಲಿ ಅವಳಿಗೇ ಕೇಳಿಸಿತು. “ಕತ್ತು ಕಣೇ ಅದು, ಬಾವಿ ಅಲ್ಲ! ಇಷ್ಟಗಲ ಬಿಟ್ರೆ ಇಬ್ಬರು ಒಟ್ಟಿಗೆ ಇಳೀತಾರೆ ಒಳಗೆ!” ಅಕ್ಕನ ಗಂಟಲು. “ಕತ್ತರಿಸ್ದೋಳು ನೀನು. ನಾನು ಹೊಲ್ದೆ ಅಷ್ಟೆ. ಕತ್ತರಿ ಹಿಡ್ಯೋಕೆ ಬರ್ದೆ ಇರೋರು ಕತ್ತಿನ ಮಾತಾಡಬಾರ್ದು!” ತಂಗಿಯ ಗಂಟಲು. ಪರದೆಯನ್ನು ಕಟ್ಟಿ ಪಕ್ಕಕ್ಕೆ ಸರಿಸಿದ್ದರು. ಸ್ಟೂಲಿನ ಮೇಲೆ ಶಾಲೆಯ ಯೂನಿಫಾರಮ್ಮಿನ ಕತ್ತರಿಸಿದ ಬಟ್ಟೆ ರಾಶಿ ಬಿದ್ದಿತ್ತು. ಅವಳು ಬಾಗಿಲಲ್ಲಿ ನಿಂತಳು, ಚೀಲ ಕೈಯಲ್ಲಿ. ಹೋದ ಜನ್ಮದಲ್ಲಿ ಎಂದೋ ಹೀಗೇ ನಿಂತಿದ್ದೆ ಅನ್ನಿಸಿತು. ಇಬ್ಬರೂ ತಿರುಗಿ ನೋಡಿದರು. ಬಟ್ಟೆಯ ರಾಶಿಯನ್ನು ಯಾರೂ ತೆಗೆಯಲಿಲ್ಲ.

“ನೀವು ಬರ್ಲಿಲ್ವಲ್ಲ,” ಎಂದು ತಂಗಿಯೇ ಶುರುಮಾಡಿದಳು. “ಇವಳು ಒಂದು ಕೋಟನ್ನ ಮೈಮೇಲೆ ಒಂದು ಗೀರೂ ಇಲ್ದೆ ಎಸೆದ್ಲು. ನೀವು ಬಂದು ಹೇಳ್ತೀರಿ ಅಂತ ರೂಢಿ ನೋಡಿ ಮಹಾರಾಣಿಗೆ. ಕಾದೆ, ಕಾದೆ. ಸಿಟ್ಟು ನೆತ್ತಿಗೇರ್ತು. ‘ಇಷ್ಟು ದಿನ ದಯವಿಟ್ಟು ದಯವಿಟ್ಟು ಅಂತಿದ್ದೋಳಿಗೆ ಇವತ್ತೇನಾಯ್ತೇ’ ಅಂತ ಬಾಯಿಂದ ಬಿದ್ದೇಹೋಯ್ತು.”

“‘ಯಾವತ್ತೇ ನಾನು ನಿಂಗೆ ದಯವಿಟ್ಟು ಅಂದಿದ್ದು?’ ಅಂದೆ ನಾನು,” ಅಂದಳು ಅಕ್ಕ.

“ಅದೇ ಮೇಡಂ! ಹುಟ್ಟಿದಾಗಿಂದ ಇವಳ ಬಾಯಲ್ಲಿ ಆ ಮಾತು ಕೇಳಿದ್ದೋಳಲ್ಲ ನಾನು. ನಂಬಿದ್ನಲ್ಲ, ನನ್ನ ಬುದ್ಧಿಗಿಷ್ಟು!” ತಂಗಿ ತೊಡೆ ತಟ್ಟಿಕೊಂಡು ನಕ್ಕಳು. ಓದಲು ಬಂದವಳಿಗೂ ನಗಬೇಕೆನಿಸಿತು, ನಗಲು ಮುಖವಿರಲಿಲ್ಲ. ಅಕ್ಕ ನಗುತ್ತಿರಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು, “ನಗೋದೇನಿದೆ ಇದರಲ್ಲಿ?” ಅಂದಳು. “ನಾನು ಬೈದಿದ್ದು ಅವಳಿಗೆ ಮುಟ್ಟಲೇ ಇಲ್ಲ ಅಂದ್ರೆ, ಇಷ್ಟು ದಿನ ನಾನು ಯಾರಿಗೆ ಬೈದ ಹಾಗಾಯ್ತು ಮೇಡಂ?”

ಅದಕ್ಕೆ ಉತ್ತರ ಪುಸ್ತಕಗಳಲ್ಲಿ ಇತ್ತು, ನೋಡಲು ಹೋದವರಿಂದ ನೋಡುವ ವಸ್ತುವೇ ಬದಲಾಗುವ ಅಪಾಯದ ಬಗ್ಗೆ ಅವಳು ತರಗತಿಯಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದಳು. “ಓದಿ, ಅದೇನು ಬರ್ಕೊಂಡು ಬಂದಿದ್ದೀರೋ ಓದಿ,” ಅಂದಳು ಅಕ್ಕ. ಬೇರೆಬೇರೆಯಾಗಿ ಓದಬೇಕು, ನಿಯಮ, ಎಂದು ಹೇಳಲು ಇವಳು ಬಾಯಿ ತೆರೆದಳು. ಒಂದೇ ಮೇಜಿನ ಎರಡು ಕಡೆ ಮೊಣಕೈಯೂರಿ ನಿಂತ ಅವರನ್ನು ನೋಡಿ ಬಾಯಿ ಮುಚ್ಚಿದಳು. ನಿಂತುಕೊಂಡೇ ಓದಿದಳು. ಗೀರುಗಳ ಭಾಗಕ್ಕೆ ಇಬ್ಬರೂ ತಲೆದೂಗಿದರು. ಕೆಂಪು ದಾರ ಬಂದಾಗ ತಂಗಿ ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದಳು. ಪಾರ್ಕಿನಲ್ಲಿ ಆಡಿದ್ದು, ಮನೆಯಲ್ಲಿ ಆಡಿದ್ದು ಬಂದಾಗ ಅವಳು ಕಳ್ಳಿಯ ಹಾಗೆ ಪುಟ ಹಾರಿಸಿದಳು, ಅದೂ ಅವರಿಗೆ ಗೊತ್ತಾಯಿತು. ಕೊನೆಗೆ ಆ ಸಂದೇಶಗಳ ಭಾಗ. ‘ತೋಳು ದಯವಿಟ್ಟು ಸಡಿಲ ಮಾಡಬೇಕಂತೆ.’ ‘ನಿಮ್ಮ ಅಳತೆ ಸರಿಯೇ ಇರಬಹುದು, ಆದರೂ ಇನ್ನೊಮ್ಮೆ ನೋಡಬಹುದಾ?’ ಓದುತ್ತ ಓದುತ್ತ ಅವಳ ಕಿವಿಗೇ ಅದು ಯಾವುದೋ ಹುಡುಗಿ ಬೊಂಬೆಗಳನ್ನು ಎದುರುಬದುರು ಇಟ್ಟುಕೊಂಡು ಮಾತಾಡಿಸಿದ ಹಾಗೆ ಕೇಳತೊಡಗಿತು.

“ಇದು ನಾನಲ್ಲ,” ಅಂದಳು ಅಕ್ಕ.

“ನಾನೂ ಅಲ್ಲ,” ಅಂದಳು ತಂಗಿ. “ಎರಡೂ ಕಡೆ ನೀವೇ ಇದ್ದೀರಲ್ಲ ಮೇಡಂ.”

ಅವಳು ಕಾಗದ ಕೆಳಗಿಳಿಸಿದಳು. ಮುಗಿಯಿತು ಅನ್ನಿಸಿತು, ಅಂದುಕೊಂಡಷ್ಟು ನೋವಾಗದೆ, ಅದಕ್ಕಿಂತ ಬೇರೆ ಥರ ನೋವಾಯಿತು. “ಹಾಗಾದ್ರೆ ಬೇಡ ಅಂತೀರಾ?” ಎಂದಳು.

“ಬೇಡ ಅಂತ ಯಾರಂದ್ರು?” ಅಕ್ಕನಿಗೆ ರೇಗಿತು. “ನಾವು ಆಡಿದ್ದನ್ನ ಆಡಿದ ಹಾಗೇ ಬರೀರಿ. ಬೈದಿದ್ರೆ ಬೈದ ಹಾಗೆ. ಸಹಿ ಹಾಕ್ತೀವಿ.”

ಅವಳು ಟಿಪ್ಪಣಿ ಪುಸ್ತಕ ತೆಗೆದು ಪುಟ ಮಗುಚಿದಳು. ಅಲ್ಲೂ ಅವಳ ದುಂಡಗಿನ ಅಕ್ಷರದಲ್ಲಿ ‘ದಯವಿಟ್ಟು’. ಇನ್ನೊಂದು ಪುಟ, ಅಲ್ಲೂ. ಸಂದೇಶ ಮುಟ್ಟಿಸಿ ಬಂದು ಸ್ಟೂಲಿನ ಮೇಲೆ ಕೂತು ಬರೆದುಕೊಂಡಿದ್ದಳಲ್ಲವೇ, ಮುಟ್ಟಿಸಿದ್ದನ್ನೇ ಬರೆದಿದ್ದಳು. ಕಿವಿಗೆ ಬಿದ್ದದ್ದನ್ನು ಎಲ್ಲೂ ಬರೆದಿರಲಿಲ್ಲ. ಕಣ್ಣು ಮುಚ್ಚಿ ಆ ಮೊದಲ ಮಧ್ಯಾಹ್ನವನ್ನು ನೆನೆಸಿಕೊಳ್ಳಲು ನೋಡಿದಳು. ಅಕ್ಕ ಬಗ್ಗಿದ್ದು, ಬಾಯಿಂದ ಏಲಕ್ಕಿಯ ವಾಸನೆ ಬಂದದ್ದು, ಮಿಷನ್ನಿನ ಗಡಗಡ, ಎಲ್ಲ ಇತ್ತು. ಮಾತೊಂದು ಇರಲಿಲ್ಲ. “ನನ್ನ ಹತ್ರ... ಇಲ್ಲ,” ಅಂದಳು. ಅವಳ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿ ಬಂದಿದ್ದರೆ ಅವಳೇ ಎದುರಿಗೆ ಕೂರಿಸಿಕೊಂಡು ನೀರಿಳಿಸುತ್ತಿದ್ದಳು.

“ನಿಮ್ಮ ಹತ್ರ ಇಲ್ದಿದ್ರೆ ಏನಾಯ್ತು? ಬೈದೋಳಿಗೆ ಮರೆತುಹೋಗತ್ತಾ?” ಎಂದು ಅಕ್ಕ ತಂಗಿಯ ಕಡೆ ತಿರುಗಿದಳು. “ಕೇಳೇ ಇಲ್ಲಿ. ‘ತೋಳು ಹೊಲ್ದಿದ್ದಾಳೋ ಟೈರಿನ ಟ್ಯೂಬು ಹೊಲ್ದಿದ್ದಾಳೋ ಕೇಳಿ’ ಅಂದಿದ್ದೆ ಅವತ್ತು.”

“‘ಅಳತೆ ತೆಗೆಯೋವಾಗ ಕಣ್ಣು ಎಲ್ಲಿ ಮೇಯೋಕೆ ಬಿಟ್ಟಿದ್ಲು’ ಅಂತ ನಾನು ಅಂದಿದ್ದೆ,” ಅಂದಳು ತಂಗಿ, ತಾನೇನು ಕಮ್ಮಿ ಎಂಬಂತೆ.

ಮೇಜಿನ ಆಕಡೆಯಿಂದ ಒಂದು, ಈಕಡೆಯಿಂದ ಒಂದು. ಎಂದೋ ಹೊರಟ ಮಾತುಗಳು ಈಗ ಬಂದು ಮುಟ್ಟುತ್ತಿದ್ದವು. ಅವಳು ಬರೆದುಕೊಳ್ಳುತ್ತಿದ್ದಳು, ಈ ಸಲ 'ದಯವಿಟ್ಟು' ಇಲ್ಲದೆ. ಇಸ್ತ್ರಿಯವನು ಕೆಲಸ ಬಿಟ್ಟು ಬಾಗಿಲಿಗೊರಗಿ ನಿಂತು ಸಿನಿಮಾ ನೋಡುವವನ ಹಾಗೆ ನಗುತ್ತಿದ್ದ. “‘ದಾರ ನೆಟ್ಟಗೆ ಬಂದರೆ ಚೆನ್ನಾಗಿರತ್ತಂತೆ’ ಅಂತ ಬಂದು ಹೇಳಿದ್ರಲ್ಲ ಮೇಡಂ ಒಂದಿನ,” ಎಂದು ತಂಗಿ ಕೇಳಿದಳು. “ಅದಕ್ಕೇನಂದಿದ್ದೆ ನೀನು?”

ಅಕ್ಕ ಕತ್ತರಿಯನ್ನು ಎತ್ತಿ ಮತ್ತೆ ಕೆಳಗಿಟ್ಟಳು. “‘ಸೂಜಿಗೆ ದಾರ ಪೋಣಿಸೋಕೆ ಎಷ್ಟು ಹೊತ್ತು ಒದ್ದಾಡ್ತಾಳೆ ನೋಡಿ. ಕಣ್ಣು ಹೋಗ್ತಿದೆ ಮುಂಡೇದಕ್ಕೆ. ಡಾಕ್ಟರ ಹತ್ರ ಹೋಗದೆ ಹೀಗೇ ಕೂತ್ರೆ ಕುರುಡಿಯಾಗಿ ನನ್ನ ಕುತ್ತಿಗೆಗೆ ಬೀಳ್ತಾಳೆ, ಎಳ್ಕೊಂಡಾದ್ರೂ ಹೋಗಿ ಅಂತ ಹೇಳಿ’ ಅಂದಿದ್ದೆ.”

ತಂಗಿ ಕನ್ನಡಕ ತೆಗೆದು ಸೆರಗಂಚಿನಲ್ಲಿ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು. “ಹೋಗ್ತಿದೆ ಕಣೇ ಎಡಗಣ್ಣು,” ಅಂದಳು. “ಯಾರಿಗೂ ಹೇಳಿಲ್ಲ.”

“ನಂಗೊತ್ತು.”

“ಗೊತ್ತಿದ್ರೆ ಅಷ್ಟು ದಿನದಿಂದ ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಹೇಳಿ ಕಳಿಸಿದ್ನಲ್ಲ!” ಎಂದು ಅಕ್ಕ, ಬರೆದುಕೊಳ್ಳುತ್ತಿದ್ದ ಇವಳ ಕಡೆ ಕೈ ತೋರಿಸಿದಳು. ಆ ಕೈಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. ನಾನು ಬೈಗುಳ ಮಾತ್ರ ತೊಳೆದೆ ಅಂದುಕೊಂಡಿದ್ದಳು. ಬೈಗುಳದ ಜೊತೆ ಏನೇನು ನೀರಿನಲ್ಲಿ ಹೋಯಿತೋ. “ಇದರಲ್ಲಿ ನನ್ನನ್ನೂ ಬರೀಬೇಕಾಗತ್ತೆ,” ಎಂದಳು, ಗೈಡರ ಮುಂದೆ ನಿಂತವಳ ಹಾಗೆ. “ಈ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದದ್ದು ಮೂರು ಜನ ಅಂತ ಬರೀಬೇಕು. ಮೊದಲಿನಿಂದ.”

“ಬರ್ಕೊಳ್ಳಿ,” ಅಂದಳು ತಂಗಿ ಮೂಗೊರೆಸಿಕೊಂಡು. “ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತು ಅಂತ ಬರ್ಕೊಳ್ಳಿ. ಓದಿ ಹೇಳಿ, ಸರಿ ಇದ್ರೆ ಸಹಿ ಹಾಕ್ತೀವಿ.” ಅಕ್ಕ ಸ್ಟೂಲಿನ ಮೇಲಿನ ಬಟ್ಟೆಯನ್ನು ತೋಳಿನಲ್ಲಿ ಬಾಚಿ ಮೇಜಿಗೆ ಹಾಕಿದಳು. “ಕೂತ್ಕೊಳ್ಳಿ. ಬಾಯಿ ಮಾತ್ರ ಬಿಡಬೇಡಿ.”

ಸಂಜೆ ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅಪ್ಪನ ಒಂದು ಮಾತನ್ನಾದರೂ, ತೊಳೆಯದ ಒಂದೇ ಒಂದನ್ನು, ನೆನಪು ಮಾಡಿಕೊಳ್ಳಲು ಹೆಣಗಿದ್ದಳು. ಅಪ್ಪ ಕಿಟಕಿಗೆ ಮುಖ ಮಾಡಿ ಕೂತದ್ದು ಕಾಣುತ್ತಿತ್ತು, ತುಟಿ ಆಡುವುದು ಕಾಣುತ್ತಿತ್ತು. ಕೇಳಿಸುತ್ತಿದ್ದದ್ದೆಲ್ಲ ತನ್ನದೇ ಎಳೆ ದನಿ, ‘ಅಪ್ಪ ಹೇಳ್ತಿದ್ದಾರಮ್ಮ...’ ಆ ವರ್ಷಗಳನ್ನು ನೆನೆದು ನೆನೆದು ಬೆಚ್ಚಗೆ ಹೊದ್ದುಕೊಂಡು ಬಂದಿದ್ದಳಲ್ಲ, ಅದರಲ್ಲಿ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಮಂಚದ ತುದಿಯಲ್ಲಿ ಕೂತು ಒಂದು ಟವೆಲು ಎಳೆದುಕೊಂಡಳು.

“ಅಮ್ಮ, ನೀವಿಬ್ರೂ ಮಾತು ಬಿಟ್ಟಿದ್ರಲ್ಲ, ಆಗ ಅಪ್ಪ ನಿಜವಾಗಿ ಏನೇನು ಅಂತಿದ್ರು ನಿನಗೆ?”

“ಇದೇನೇ ಇವತ್ತು!” ಅಮ್ಮ ನಕ್ಕಳು. “ನಂಗೆಲ್ಲಿ ಕೇಳಿಸ್ತಿತ್ತು? ಅವರು ಮೇಲೆ, ನಾನು ಕೆಳಗೆ. ನೀನು ಬಂದು ಹೇಳಿದ್ದೇ ನಂಗೆ ಗೊತ್ತು.” ಮಡಚಿದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. “ಒಂದು ಮಾತು ಹೇಳ್ಲಾ? ಆಗಲೇ ಕಣೇ ನಿಮ್ಮಪ್ಪ ಚೆನ್ನಾಗಿ ಮಾತಾಡ್ತಿದ್ದಿದ್ದು. ‘ಅಮ್ಮನಿಗೆ ಕೈ ನೋಯ್ತಿರಬೇಕು, ನೀರು ನೀನು ತುಂಬಿಡು’ ಅಂದಿದ್ರು. ‘ಆ ನೀಲಿ ಬಟ್ಟೇಲಿ ಅವಳು ಲಕ್ಷಣವಾಗಿ ಕಾಣ್ತಾಳೆ’ ಅಂದಿದ್ರು. ಒಂದೊಂದೂ ನೆನಪಿದೆ ನಂಗೆ. ಆಮೇಲೆ ಎದುರುಬದುರು ಮಾತು ಶುರುವಾಯ್ತು ನೋಡು, ಬರೀ ಗದ್ದಲ, ಸಾಯೋ ತನಕ ಗದ್ದಲ. ನಾನು ಎಷ್ಟೋ ಸಲ ಅಂದ್ಕೊಳ್ತಿದ್ದೆ, ಇದೇ ಮನುಷ್ಯ ತಾನೇ ಅಷ್ಟು ಒಳ್ಳೊಳ್ಳೆ ಮಾತು ಹೇಳಿ ಕಳಿಸ್ತಿದ್ದಿದ್ದು ಅಂತ.”

ನೀಲಿ ಬಟ್ಟೆ ಇಷ್ಟವಿದ್ದದ್ದು ಅಪ್ಪನಿಗಲ್ಲ, ಅವಳಿಗೆ. ಆಗ ಅವಳಿಗೆ ಹನ್ನೆರಡೋ ಹದಿಮೂರೋ. ಆ ಮಾತೆಲ್ಲ ತನ್ನದೇ ಅಂತ ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದಳು. ಟವೆಲನ್ನು ಮಡಚಿದಳು, ಬಿಚ್ಚಿದಳು.

“ಒಂದು ಮಾತ್ರ ಗೊತ್ತಾಗಲೇ ಇಲ್ಲ ನಂಗೆ,” ಅಂದಳು ಅಮ್ಮ. “ನಾನು ಜ್ವರ ಬಂದು ಮಲಗಿದ್ನಲ್ಲ, ಎದ್ದೇಳ್ತೀನೋ ಇಲ್ವೋ ಅನ್ನೋ ಹಾಗೆ. ನೀನು ಮೇಲೆ ಹೋದೆ. ಬರ್ತಾ ಮೆಟ್ಟಿಲ ಮೇಲೇ ನಿಂತುಬಿಟ್ಟೆ, ತುಂಬಾ ಹೊತ್ತು. ಮಲಗಿದ್ದಲ್ಲಿಂದ ನಿನ್ನ ಕಾಲು ಮಾತ್ರ ಕಾಣಿಸ್ತಿತ್ತು ನಂಗೆ. ಕೆಳಗೆ ಬಂದು ಏನೂ ಹೇಳ್ಲೇ ಇಲ್ಲ. ಏನಂದಿದ್ರೇ ಅವತ್ತು?”

ಅವಳಿಗೆ ಮೆಟ್ಟಿಲು ನೆನಪಾಯಿತು, ಅಂಗಾಲಿಗೆ ತಗುಲಿದ ಮರದ ತಣುಪು ನೆನಪಾಯಿತು. ಎಷ್ಟು ತೊಳೆದರೂ ಅಮ್ಮನ ಮುಂದೆ ಹಿಡಿಯುವಂತಾಗದ ಏನೋ ಒಂದು ಕೈಯಲ್ಲಿತ್ತು ಎಂಬುದೂ ನೆನಪಾಯಿತು. ಏನದು ಎಂಬುದು ಹೋಗಿತ್ತು, ಅಪ್ಪನ ಜೊತೆ ಮಣ್ಣಾಗಿತ್ತು. ಅಮ್ಮ ಕೈ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು.

“‘ಇವಳು ಹೋಗ್ಬಿಟ್ರೆ ನಾನು ಯಾರ ಜೊತೆ ಮಾತು ಬಿಡ್ಲಿ’ ಅಂದ್ರು,” ಅಂದಳು ಅವಳು.

ಅಮ್ಮ ತೊಡೆಯ ಮೇಲಿನ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ನಿಜವಾದ ಸಿಟ್ಟಿನಿಂದ, “ಅದನ್ನ ಅವತ್ತೇ ಯಾಕೆ ಬಂದು ಹೇಳ್ಲಿಲ್ಲ ನೀನು?” ಎಂದಳು.